ಜಪಾನಿನ ಅಪರೂಪದ ಜಾಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿಗೆ ಮೂರು ಸಲ ಹೋಗಿ ಬಂದಿದ್ದೇನೆ. ಅದರಲ್ಲಿ ಒಂದು ಸಲ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಈಗ ಯಾರೇ ಅಲ್ಲಿಗೆ ಹೊರಟರೂ ಮೊದಲು ನನಗೊಂದು ಫೋನ್ ಬರುತ್ತದೆ. ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಫ್ಯೂಜಿ ಪರ್ವತ, ಬುಲೆಟ್ ರೈಲು, ಚೆರ್ರಿ ಹೂವಿನ ಬಗ್ಗೆ ಎಲ್ಲ ಕಡೆ ಓದಲು ಸಿಗುತ್ತದೆ. ಇಲ್ಲಿರುವುದು ಉಳಿದ ಜಾಗಗಳು.

ಮೊದಲ ಸಲ ಹೋಗುತ್ತಿದ್ದೇವೆ. ಟೋಕಿಯೊ, ಕ್ಯೋಟೊ ಬಿಟ್ಟು ಇಂಥ ಕಡೆ ಯಾಕೆ ಹೋಗಬೇಕು?

ಬಿಡಬೇಡಿ. ಅವೆರಡೂ ನೋಡಲೇಬೇಕಾದ ಊರುಗಳು. ಹತ್ತು ದಿನದ ಪ್ರವಾಸವಾದರೆ ಅದರಲ್ಲಿ ಎರಡು ದಿನ ತೆಗೆದಿಡಿ, ಅಷ್ಟೇ ನಾನು ಹೇಳುವುದು. ಯಾರ ಪಟ್ಟಿಯಲ್ಲೂ ಇಲ್ಲದ ಒಂದು ಊರಿಗೆ ಹೋಗಿ ರಾತ್ರಿ ಅಲ್ಲೇ ಉಳಿಯಿರಿ.

ಜಪಾನಿನಲ್ಲಿ ‘ವಿಚಿತ್ರ’ ಅಂತ ಹೆಸರಾದ ಜಾಗಗಳ ಹಿಂದೆ ಬಹಳ ಸಲ ಒಬ್ಬ ಮನುಷ್ಯನೋ ಒಂದು ಸಣ್ಣ ಊರೋ ಇರುತ್ತದೆ. ರೈಲು ನಿಂತುಹೋಗುತ್ತದೆ ಅನ್ನುವ ಭಯ, ಊರು ಖಾಲಿಯಾಗುತ್ತಿದೆ ಅನ್ನುವ ಸಂಕಟ, ಸತ್ತವರನ್ನು ಮರೆಯಬಾರದು ಅನ್ನುವ ಹಟ. ಅದಕ್ಕೆ ಅವರು ಕಂಡುಕೊಂಡ ದಾರಿಯೇ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಫೋಟೊ ನೋಡಿ ನಕ್ಕಿದ್ದ ಜಾಗಗಳಲ್ಲಿ, ಹತ್ತಿರ ಹೋದ ಮೇಲೆ, ನನಗೆ ನಗು ಬರಲಿಲ್ಲ.

ಗೊಂಬೆಗಳೇ ತುಂಬಿರುವ ಹಳ್ಳಿ ಇದೆಯಂತೆ. ಹೋಗಲು ಹೆದರಿಕೆ ಆಗುವುದಿಲ್ವಾ?

ಅದರ ಹೆಸರು ನಾಗೊರೊ. ಶಿಕೊಕು ದ್ವೀಪದ ತೊಕುಶಿಮಾ ಪ್ರಾಂತ್ಯದಲ್ಲಿ, ಇಯಾ ಕಣಿವೆಯ ಒಳಗಿದೆ. ಹೆದರಿಕೆ ಆಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಆಗಲಿಲ್ಲ.

ಕೆಲಸ ಹುಡುಕಿಕೊಂಡು ಜನ ಪಟ್ಟಣ ಸೇರಿದರು, ಉಳಿದವರಿಗೆ ವಯಸ್ಸಾಯಿತು. ಈಗ ಊರಲ್ಲಿ ಮೂವತ್ತು ಜನವೂ ಇಲ್ಲ. ಗೊಂಬೆಗಳು ಮಾತ್ರ ಮುನ್ನೂರಕ್ಕೂ ಜಾಸ್ತಿ. ವಯಸ್ಸಾದ ತಂದೆಯನ್ನು ನೋಡಿಕೊಳ್ಳಲು ಒಸಾಕಾದಿಂದ ಊರಿಗೆ ಮರಳಿದ ಒಬ್ಬ ಮಹಿಳೆ, 2000ದ ದಶಕದ ಆರಂಭದಲ್ಲಿ, ಹೊಲದ ಹಕ್ಕಿ ಓಡಿಸಲು ಒಂದು ಬೆದರುಗೊಂಬೆ ಮಾಡಿದರು. ನಮ್ಮ ಬೆರ್ಚಪ್ಪನ ಹಾಗೆ. ಅದಕ್ಕೆ ಅಪ್ಪನದೇ ಹೋಲಿಕೆ ಕೊಟ್ಟರು. ದಾರಿಯಲ್ಲಿ ಹೋಗುವವರು ಅಪ್ಪನೇ ನಿಂತಿದ್ದಾರೆ ಅಂದುಕೊಂಡು ಮಾತಾಡಿಸತೊಡಗಿದರು. ಅಲ್ಲಿಂದ ಶುರುವಾದ ಕೆಲಸ ಇದು. ಆಮೇಲೆ ತೀರಿಹೋದವರ, ಊರು ಬಿಟ್ಟವರ ಹೋಲಿಕೆಯಲ್ಲಿ ಒಂದೊಂದೇ ಗೊಂಬೆ ಬಂತು.

ಹತ್ತಿರದಿಂದ ನೋಡಿದರೆ ಎಷ್ಟು ಕೆಲಸ ಅಂತ ಗೊತ್ತಾಗುತ್ತದೆ. ಒಳಗೆ ಹಳೆಯ ಪೇಪರ್ ತುರುಕಿ, ಬಟ್ಟೆ ಹೊಲಿದು ಮುಖ ಮಾಡಿರುತ್ತಾರೆ. ಕಣ್ಣಿಗೆ ಗುಂಡಿ. ತುಟಿಯ ಪಕ್ಕ ಒಂದೆರಡು ಹೊಲಿಗೆ ಎಳೆದು ಬಿಗಿದರೆ ಸಾಕು, ಮುದುಕರ ಮುಖದ ಸುಕ್ಕು ಬಂದುಬಿಡುತ್ತದೆ. ಬಸ್ ಸ್ಟಾಪಿನಲ್ಲಿ ಮೂವರು ಕೂತಿದ್ದರು. ಅಮ್ಮ ಕೈ ಮುಗಿದು ಹತ್ತಿರ ಹೋದವರು ಅಲ್ಲೇ ನಿಂತುಬಿಟ್ಟರು. ‘ನಿಜವಾದ ಜನ ಅಂದ್ಕೊಂಡೆ ಕಣೇ’ ಅಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ‘ನಮ್ಮೂರಲ್ಲೂ ಎಷ್ಟು ಮನೆಗೆ ಬೀಗ ಬಿದ್ದಿದೆ ನೋಡು’ ಅಂದರು.

ಊರಿನ ಶಾಲೆ 2012ರಲ್ಲಿ ಮುಚ್ಚಿತು. ಕಡೆಯಲ್ಲಿ ಉಳಿದಿದ್ದವರು ಇಬ್ಬರೇ ಮಕ್ಕಳು. ಅವರು ತಮ್ಮದೇ ಗೊಂಬೆ ಮಾಡಿ, ತಮ್ಮದೇ ಬಟ್ಟೆ ತೊಡಿಸಿ ಬೆಂಚಿನ ಮೇಲೆ ಕೂರಿಸಿ ಹೋದರು. ಅವು ಇವತ್ತಿಗೂ ಬೋರ್ಡಿನ ಕಡೆ ನೋಡುತ್ತಾ ಕೂತಿವೆ.

ಅಲ್ಲಿಗೆ ಹೋಗುವುದು ಹೇಗೆ?

ಸುಲಭ ಅಂತೂ ಇಲ್ಲ. ಓಬೊಕೆ ರೈಲು ನಿಲ್ದಾಣದಿಂದ ಮುಂದೆ ಬೆಟ್ಟದ ದಾರಿ. ಬಸ್ಸುಗಳು ಬೆರಳೆಣಿಕೆ, ಕೆಲವು ದಿನ ಇರುವುದೇ ಇಲ್ಲ. ವಾಪಸ್ ಬಸ್ಸಿನ ಸಮಯವನ್ನು ನಾವು ಸರಿಯಾಗಿ ಓದಿಕೊಂಡಿರಲಿಲ್ಲ, ಬಸ್ ತಪ್ಪಿತು. ಅಂಗಡಿಯ ಅಜ್ಜಿಯೊಬ್ಬರು ಟ್ಯಾಕ್ಸಿಗೆ ಫೋನ್ ಮಾಡಿಕೊಟ್ಟು, ಅದು ಬರುವವರೆಗೂ ಚಹಾ ಕೊಟ್ಟು ಕೂರಿಸಿಕೊಂಡರು. ಕಾರು ಓಡಿಸಲು ಬರುತ್ತದೆ ಅಂದರೆ ಬಾಡಿಗೆ ಕಾರೇ ಒಳ್ಳೆಯದು. ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸುತ್ತಾರೆ. ಇಲ್ಲಿನ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ನಡೆಯುತ್ತದೆ. ಊರಿನ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಿ.

ದಾರಿಯಲ್ಲೇ ಕಾಡುಬಳ್ಳಿ ಹೆಣೆದು ಮಾಡಿದ ಕಝುರಬಾಶಿ ತೂಗುಸೇತುವೆ ಸಿಗುತ್ತದೆ. 45 ಮೀಟರ್ ಉದ್ದ, ನೀರಿನಿಂದ 14 ಮೀಟರ್ ಎತ್ತರ. ಮೂರು ವರ್ಷಕ್ಕೊಮ್ಮೆ ಬಳ್ಳಿ ಬಿಚ್ಚಿ ಹೊಸದಾಗಿ ಕಟ್ಟುತ್ತಾರೆ. ಹಲಗೆಗಳ ನಡುವೆ ಕೆಳಗಿನ ಹೊಳೆ ಕಾಣುತ್ತದೆ. ತಲೆಸುತ್ತು ಇರುವವರು ದಡದಿಂದಲೇ ನೋಡಿ.

ನಮ್ಮ ದೇವರುಗಳು ಜಪಾನಿನಲ್ಲಿ ಇದ್ದಾರೆ ಅನ್ನುವುದು ನಿಜವಾ?

ನಿಜ. ಬೌದ್ಧ ಧರ್ಮದ ಜೊತೆ ಚೀನಾ ದಾರಿಯಾಗಿ ಹೋದರು. ಹೆಸರು ಬದಲಾಯಿತು, ಉಡುಪು ಬದಲಾಯಿತು. ಆದರೂ ಗುರುತು ಹಿಡಿಯಬಹುದು. ನಾನು ಜಪಾನಿನಲ್ಲಿ ಎಲ್ಲಕ್ಕಿಂತ ಇಷ್ಟಪಟ್ಟು ಹುಡುಕಿದ್ದು ಇವರನ್ನೇ.

ಸರಸ್ವತಿ ಅಲ್ಲಿ ಬೆಂಝಾಯ್ತೆನ್. ಕೈಯಲ್ಲಿ ವೀಣೆಯ ಬದಲು ಬಿವಾ ಅನ್ನುವ ತಂತಿವಾದ್ಯ. ನೀರು ಇರುವ ಕಡೆಯೇ ಅವಳ ಗುಡಿ ಜಾಸ್ತಿ. ನದಿಯ ಹೆಸರಿನ ದೇವಿ ಅಲ್ವಾ. ಕಾಮಕುರಾದಲ್ಲಿ ಝೆನಿಯರಾಯ್ ಬೆಂತೆನ್ ಅಂತ ಒಂದು ಗುಡಿ ಇದೆ. ಬಂಡೆ ಕೊರೆದ ಸುರಂಗದ ಒಳಗಿಂದ ಹೋಗಬೇಕು. ಅಲ್ಲಿನ ಗುಹೆಯಲ್ಲಿ ಹರಿಯುವ ನೀರಿನಲ್ಲಿ ದುಡ್ಡು ತೊಳೆದರೆ ಅದು ಬೆಳೆಯುತ್ತದೆ ಅನ್ನುವ ನಂಬಿಕೆ. ಸಣ್ಣ ಬಿದಿರಿನ ಜರಡಿಯಲ್ಲಿ ನಾಣ್ಯ ಹಾಕಿ, ಸೌಟಿನಲ್ಲಿ ನೀರು ಹೊಯ್ಯುತ್ತಾರೆ. ನೋಟುಗಳಿಗೂ ಒಂದೆರಡು ಹನಿ ಚಿಮುಕಿಸುತ್ತಾರೆ.

ಗಣಪತಿ ಅಲ್ಲಿ ಕಾಂಗಿತೆನ್. ಟೋಕಿಯೊದ ಅಸಾಕುಸಾದಲ್ಲಿ ಸೆನ್ಸೊಜಿ ದೇವಸ್ಥಾನಕ್ಕೆ ಲಕ್ಷಾಂತರ ಜನ ಹೋಗುತ್ತಾರೆ. ಅಲ್ಲಿಂದ ಹತ್ತು ನಿಮಿಷ ನಡೆದರೆ ಮಾತ್ಸುಚಿಯಾಮಾ ಶೋದೆನ್ ಸಿಗುತ್ತದೆ. ಅಲ್ಲಿ ಜನವೇ ಇರುವುದಿಲ್ಲ. ಮೂರ್ತಿಯನ್ನು ಯಾರಿಗೂ ತೋರಿಸುವುದಿಲ್ಲ. ಕಾಂಗಿತೆನ್ ಅಂದರೆ ಸಾಮಾನ್ಯವಾಗಿ ಆನೆಮುಖದ ಎರಡು ಆಕೃತಿ ಅಪ್ಪಿಕೊಂಡಿರುವ ರೂಪ, ಅದು ಗುಟ್ಟಾಗಿಯೇ ಇರಬೇಕು ಅನ್ನುವ ಸಂಪ್ರದಾಯ. ಇಲ್ಲಿ ನೈವೇದ್ಯ ಬಿಳಿ ಮೂಲಂಗಿ! ಭಕ್ತರು ಉದ್ದುದ್ದ ಮೂಲಂಗಿ ಕೊಂಡು ಒಪ್ಪಿಸುತ್ತಾರೆ. ಕಲ್ಲಿನಲ್ಲಿ, ಲಾಟೀನಿನಲ್ಲಿ, ಎಲ್ಲ ಕಡೆ ಜೋಡಿ ಮೂಲಂಗಿ ಮತ್ತು ಹಣದ ಚೀಲದ ಚಿತ್ರ. ಜನವರಿ 7ರಂದು ಮೂಲಂಗಿ ಹಬ್ಬವೂ ಇದೆ. ಮೆಟ್ಟಿಲು ಹತ್ತಲಾಗದವರಿಗೆ ಹಳಿಯ ಮೇಲೆ ಹತ್ತುವ ಪುಟ್ಟ ಬಂಡಿ ಇಟ್ಟಿದ್ದಾರೆ. ಅಮ್ಮ ಅಲ್ಲಿ ಗರಿಕೆ ಇಲ್ಲದಿದ್ದರೇನಂತೆ ಅಂತ ಮೂಲಂಗಿಯನ್ನೇ ಒಪ್ಪಿಸಿದರು.

ಇಂದ್ರ ಅಲ್ಲಿ ತಾಯ್ಶಾಕುತೆನ್, ಯಮ ಎನ್ಮಾ, ಲಕ್ಷ್ಮಿ ಕಿಚಿಜೋತೆನ್. ಇವರಲ್ಲಿ ಹಲವರನ್ನು ಒಟ್ಟಿಗೆ ನೋಡಬೇಕಾದರೆ ಕ್ಯೋಟೊದ ಸಾಂಜೂಸಾಂಗೆನ್‌ದೊಗೆ ಹೋಗಿ. ಆ ದೇವಸ್ಥಾನದಲ್ಲಿ ಕನ್ನೊನ್ ಅನ್ನುವ ಕರುಣೆಯ ಬೋಧಿಸತ್ವನ 1,001 ವಿಗ್ರಹಗಳು ಸಾಲಾಗಿ ನಿಂತಿವೆ. ಎಲ್ಲರ ಕಣ್ಣೂ ಅವುಗಳ ಮೇಲೆ. ನೀವು ಮುಂದಿನ ಸಾಲಿನ 28 ಕಾವಲು ದೇವತೆಗಳನ್ನು ನೋಡಿ. ಕೊಳಲು ಊದುತ್ತಿರುವ, ಹಕ್ಕಿಮೂತಿಯ ‘ಕರುರಾ’ ಕಾಣುತ್ತಾನೆ. ಅವನೇ ಗರುಡ. ಒಳಗೆ ಫೋಟೊ ತೆಗೆಯುವ ಹಾಗಿಲ್ಲ.

ಇನ್ನೊಂದು ಸಂಗತಿ. ಯಾವುದೇ ಬೌದ್ಧ ಸ್ಮಶಾನದ ಪಕ್ಕ ಹಾದುಹೋಗುವಾಗ ಸಮಾಧಿಗಳ ಹಿಂದೆ ನಿಲ್ಲಿಸಿರುವ ಉದ್ದನೆಯ ಮರದ ಪಟ್ಟಿಗಳನ್ನು ಗಮನಿಸಿ. ಮೇಲುಗಡೆ ಬರೆದ ಕೆಲವು ಅಕ್ಷರ ಜಪಾನಿ ಅಲ್ಲ. ಅದು ಸಿದ್ಧಂ ಲಿಪಿ, ಅಂದರೆ ಸಂಸ್ಕೃತದ ಬೀಜಾಕ್ಷರ. ಭಾರತದಲ್ಲಿ ಆ ಲಿಪಿ ಬಳಕೆಯಿಂದ ಹೋಗಿ ಎಷ್ಟೋ ಶತಮಾನ ಆಯಿತು. ಅಲ್ಲಿ ಇನ್ನೂ ಬರೆಯುತ್ತಿದ್ದಾರೆ.

ಗೆದ್ದಲಿಗೂ ಸಮಾಧಿ ಕಟ್ಟಿದ್ದಾರೆ ಅಂತ ಕೇಳಿದ್ದೇವೆ. ಎಲ್ಲಿ?

ಕೋಯಾಸಾನ್ ಬೆಟ್ಟದ ಮೇಲೆ. ಒಸಾಕಾದ ನಂಬಾ ನಿಲ್ದಾಣದಿಂದ ರೈಲು, ಆಮೇಲೆ ಕೇಬಲ್ ಕಾರ್, ಎಲ್ಲ ಸೇರಿ ಸುಮಾರು ಎರಡು ಗಂಟೆ. 816ರಲ್ಲಿ ಕೂಕಾಯ್ ಅನ್ನುವ ಸಂನ್ಯಾಸಿಗೆ ಸಿಕ್ಕ ಬೆಟ್ಟ ಇದು. ಓಕುನೊಯಿನ್ ಅನ್ನುವ ಸ್ಮಶಾನದಲ್ಲಿ ಎರಡು ಕಿಲೋಮೀಟರ್ ದಾರಿ, ಎರಡೂ ಕಡೆ ನೂರಾರು ವರ್ಷದ ದೇವದಾರು, ನಡುವೆ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿ. ಹಳೆಯ ಸಾಮಂತರದೂ ಇವೆ, ಇವತ್ತಿನ ಕಂಪನಿಗಳದೂ ಇವೆ. ಒಂದು ಕಡೆ ರಾಕೆಟ್ ಆಕಾರದ್ದು, ಇನ್ನೊಂದು ಕಡೆ ಕಾಫಿ ಕಂಪನಿಯ ಕಲ್ಲಿನ ಕಪ್-ಸಾಸರ್.

ಗೆದ್ದಲಿನ ಸಮಾಧಿ ಕಟ್ಟಿಸಿದ್ದು ಗೆದ್ದಲು ಕೊಲ್ಲುವುದನ್ನೇ ಕಸುಬಾಗಿ ಮಾಡಿಕೊಂಡವರ ಸಂಘ. ಕಲ್ಲಿನ ಮೇಲೆ ‘ಗೆದ್ದಲುಗಳೇ, ನೆಮ್ಮದಿಯಿಂದ ಮಲಗಿ’ ಅನ್ನುವ ಅರ್ಥದ ಸಾಲು ಕೆತ್ತಿಸಿದ್ದಾರೆ. ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ. ಹೊಟ್ಟೆಪಾಡಿಗಾಗಿ ಪ್ರಾಣ ತೆಗೆಯುವವರು ಆ ಪ್ರಾಣಕ್ಕೆ ಕಲ್ಲು ನೆಟ್ಟು ಕೈ ಮುಗಿಯುತ್ತಾರೆ.

ಕೂಕಾಯ್ 835ರಲ್ಲಿ ತೀರಿಕೊಂಡರು ಅಂತ ಅಲ್ಲಿನ ಭಕ್ತರು ಹೇಳುವುದಿಲ್ಲ. ಧ್ಯಾನದಲ್ಲಿದ್ದಾರೆ ಅನ್ನುತ್ತಾರೆ. ಅವರಿಗೆ ಇವತ್ತಿಗೂ ದಿನಕ್ಕೆ ಎರಡು ಹೊತ್ತು ಊಟ ಒಯ್ಯುತ್ತಾರೆ. ಬೆಳಗ್ಗೆ ಆರಕ್ಕೆ ಮತ್ತು ಹತ್ತೂವರೆಗೆ ಸೇತುವೆಯ ಹತ್ತಿರ ನಿಂತರೆ, ಸಂನ್ಯಾಸಿಗಳು ಮರದ ಪೆಟ್ಟಿಗೆ ಹೊತ್ತು ಹೋಗುವುದನ್ನು ನೋಡಬಹುದು. ಆ ಸೇತುವೆ ದಾಟಿದ ಮೇಲೆ ಕ್ಯಾಮೆರಾ ಒಳಗಿಡಿ.

ರಾತ್ರಿ ಅಲ್ಲೇ ಉಳಿಯಿರಿ. 50ಕ್ಕೂ ಹೆಚ್ಚು ಮಠಗಳಲ್ಲಿ ಯಾತ್ರಿಕರಿಗೆ ಕೋಣೆ ಕೊಡುತ್ತಾರೆ. ಕೆಲವು ಕಡೆ ಬೆಳಗ್ಗೆ ‘ಗೋಮಾ’ ನಡೆಯುತ್ತದೆ. ಹೆಸರು ಕೇಳಿದರೇ ತಿಳಿಯಿತಲ್ವಾ, ನಮ್ಮ ಹೋಮವೇ ಅದು. ಸಮಿತ್ತು, ಮಂತ್ರ, ಡೋಲು. ಬೆಂಕಿ ಮೇಲೆದ್ದಾಗ ಅಮ್ಮನ ಕಣ್ಣಲ್ಲಿ ನೀರು.

ನಾವು ಸಸ್ಯಾಹಾರಿಗಳು. ಹಳ್ಳಿ ಕಡೆ ಹೋದರೆ ಊಟಕ್ಕೆ ಏನು ಮಾಡುವುದು?

ಕಷ್ಟ ಇದೆ, ಮುಚ್ಚಿಡುವುದಿಲ್ಲ. ತಟ್ಟೆಯಲ್ಲಿ ಮೀನು ಕಾಣದಿದ್ದರೂ ಸಾರಿನಲ್ಲಿ ಮೀನು ಇರುತ್ತದೆ. ‘ದಾಶಿ’ ಅನ್ನುವ ಅವರ ಮೂಲ ಸಾರನ್ನು ಸಾಮಾನ್ಯವಾಗಿ ಒಣಮೀನಿನ ಹೆರೆಯಿಂದ ಮಾಡುತ್ತಾರೆ. ಮಿಸೊ ಅನ್ನುವ ಸೋಯಾ ಹಿಟ್ಟಿನ ಸೂಪು, ಸೋಬಾ ಅನ್ನುವ ಶಾವಿಗೆಯ ಜೊತೆಯ ಸಾರು, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಅದು ಬರಬಹುದು. ‘ವೆಜಿಟೇರಿಯನ್’ ಅಂದರೆ ಎಷ್ಟೋ ಜನಕ್ಕೆ ದಾಶಿ ನೆನಪಾಗುವುದಿಲ್ಲ. ‘ನಿಕು ತೊ ಸಕಾನಾ ಒ ತಬೆಮಾಸೆನ್, ದಾಶಿ ಮೊ ದಾಮೆ ದೆಸು’ ಅನ್ನಿ. ಮಾಂಸ, ಮೀನು ತಿನ್ನುವುದಿಲ್ಲ, ದಾಶಿಯೂ ಆಗುವುದಿಲ್ಲ ಅಂತ ಅರ್ಥ. ಇದನ್ನೇ ಜಪಾನಿ ಲಿಪಿಯಲ್ಲಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿದರೆ ಇನ್ನೂ ವಾಸಿ.

ನಿಜವಾದ ನೆಮ್ಮದಿ ಸಿಗುವುದು ಮಠಗಳ ಊಟದಲ್ಲಿ. ಅದಕ್ಕೆ ಶೋಜಿನ್ ರ್‍ಯೋರಿ ಅನ್ನುತ್ತಾರೆ. ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕದ ಸಂಪ್ರದಾಯ. ಕೋಯಾಸಾನ್‌ನ ಎಳ್ಳಿನ ತೋಫು ಬಾಯಲ್ಲಿಟ್ಟರೆ ಹಾಗೇ ಕರಗುತ್ತದೆ. ಗೆಡ್ಡೆ ಗೆಣಸು ಹಾಕುತ್ತಾರೆ, ಜೈನರು ಮೊದಲೇ ತಿಳಿಸಬೇಕು.

ಉಳಿದ ದಿನಗಳಿಗೆ ಮನೆಯಿಂದ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಒಯ್ಯಿರಿ. ಬಿಳಿ ಅನ್ನ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅಲ್ಲೇ ಬಿಸಿ ಮಾಡಿ ಕೊಡುತ್ತಾರೆ. ಆ ಅನ್ನಕ್ಕೆ ಚಟ್ನಿಪುಡಿ ಬಹಳ ಚೆನ್ನಾಗಿರುತ್ತದೆ. ಹಸಿ ಹಣ್ಣು, ತರಕಾರಿ, ಮಾಂಸದ ಪದಾರ್ಥ ಮಾತ್ರ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ತೆಗೆದಿಡುತ್ತಾರೆ.

ಟೋಕಿಯೊ ಬಿಟ್ಟು ದೂರ ಹೋಗಲು ಆಗುವುದಿಲ್ಲ. ಹತ್ತಿರದಲ್ಲಿ ಏನಿದೆ?

ಮೊದಲು ಕಸುಕಾಬೆ. ಟೋಕಿಯೊ ಪಕ್ಕದ ಸೈತಾಮಾ ಪ್ರಾಂತ್ಯದಲ್ಲಿ ನೆಲದಡಿ ಒಂದು ದೊಡ್ಡ ಕಾಂಕ್ರೀಟ್ ತೊಟ್ಟಿ ಇದೆ. 177 ಮೀಟರ್ ಉದ್ದ, 78 ಮೀಟರ್ ಅಗಲ, 18 ಮೀಟರ್ ಎತ್ತರ. ಛಾವಣಿ ಹೊತ್ತಿರುವುದು 59 ಕಂಬ, ಒಂದೊಂದೂ 500 ಟನ್. ಜನ ಅದನ್ನು ‘ನೆಲದಡಿಯ ದೇವಸ್ಥಾನ’ ಅನ್ನುತ್ತಾರೆ. ಒಳಗಿಳಿದರೆ ಆ ಹೆಸರು ಸರಿ ಅನ್ನಿಸುತ್ತದೆ. ಮಳೆ ಜೋರಾಗಿ ಸಣ್ಣ ಹೊಳೆಗಳು ಉಕ್ಕಿದಾಗ ನೀರು ದೊಡ್ಡ ಬಾವಿಗಳಿಗೆ ಇಳಿಯುತ್ತದೆ, 6.3 ಕಿಲೋಮೀಟರ್ ಸುರಂಗದಲ್ಲಿ ಹರಿದು ಈ ತೊಟ್ಟಿ ಸೇರುತ್ತದೆ. ಅಲ್ಲಿಂದ ಪಂಪು ಮಾಡಿ ಎದೊ ನದಿಗೆ ಬಿಡುತ್ತಾರೆ. 1993ರಲ್ಲಿ ಶುರುವಾಗಿ 2006ರಲ್ಲಿ ಮುಗಿದ ಕೆಲಸ. ಬೆಂಗಳೂರಿನಲ್ಲಿ ಮಳೆಗೆ ಮನೆಯೊಳಗೆ ನೀರು ನುಗ್ಗುವುದನ್ನು ಕಂಡವರು ಇದನ್ನು ನೋಡಲೇಬೇಕು. ಮುಂಗಡ ಬುಕಿಂಗ್ ಬೇಕು. ಮಳೆ ಬಂದು ತೊಟ್ಟಿ ಕೆಲಸಕ್ಕಿಳಿದರೆ ಅವತ್ತಿನ ಭೇಟಿ ರದ್ದು. ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದು ಹತ್ತಬೇಕು.

ಮೆಗುರೊದ ಪರಾವಲಂಬಿ ಜೀವಿಗಳ ಮ್ಯೂಸಿಯಂ ಎಲ್ಲರಿಗೂ ಅಲ್ಲ. ಹೊಟ್ಟೆಹುಳ, ಲಾಡಿಹುಳ, ಉಣ್ಣಿ, ಇವುಗಳದೇ ಸಂಗ್ರಹ. 1953ರಲ್ಲಿ ಒಬ್ಬ ವೈದ್ಯರು ಶುರುಮಾಡಿದ್ದು. ಮನುಷ್ಯನ ಹೊಟ್ಟೆಯಿಂದ ಬಂದ 8.8 ಮೀಟರ್ ಉದ್ದದ ಲಾಡಿಹುಳ ಗಾಜಿನೊಳಗಿದೆ. ಪಕ್ಕದಲ್ಲಿ ಅಷ್ಟೇ ಉದ್ದದ ಪಟ್ಟಿ ಇಟ್ಟಿದ್ದಾರೆ, ಕೈಯಲ್ಲಿ ಹಿಡಿದು ನೋಡಬಹುದು. ಟಿಕೆಟ್ ಇಲ್ಲ, ಕಾಣಿಕೆ ಡಬ್ಬಿ ಇದೆ. ದಯವಿಟ್ಟು ಏನಾದರೂ ಹಾಕಿ. ಸೋಮವಾರ, ಮಂಗಳವಾರ ರಜೆ. ಜೀವಶಾಸ್ತ್ರ ಓದುವ ಮಕ್ಕಳಿದ್ದರೆ ತಪ್ಪಿಸಬೇಡಿ, ಊಟಕ್ಕೆ ಮುಂಚೆ ಬೇಡ.

ಇನ್ನು ಗೋತೊಕುಜಿ ಅನ್ನುವ ಬೌದ್ಧ ಮಠ. ಅಂಗಡಿಗಳಲ್ಲಿ ಕೈ ಎತ್ತಿ ಕರೆಯುವ ಬೆಕ್ಕಿನ ಬೊಂಬೆ ನೋಡಿದ್ದೀರಲ್ಲ, ಅದು ಇಲ್ಲಿಂದಲೇ ಬಂತು ಅನ್ನುವ ಕತೆ ಇದೆ. ಸಾಮಂತ ಇಯಿ ನಾವೊತಾಕನನ್ನು ಮಠದ ಬೆಕ್ಕು ಕೈ ಬೀಸಿ ಒಳಗೆ ಕರೆಯಿತಂತೆ, ಹೊರಗೆ ಗುಡುಗು ಮಳೆ ಶುರುವಾಯಿತಂತೆ. ಹರಕೆ ಫಲಿಸಿದವರು ತಂದಿಟ್ಟ ಬಿಳಿ ಬೆಕ್ಕುಗಳು ಸಾಲುಸಾಲಾಗಿ ಕೂತಿವೆ.

ಒಂದು ಇಡೀ ದಿನ ಇದ್ದರೆ ಚಿಚಿಬು. ಅಲ್ಲಿ ಮನುಷ್ಯರ ಮುಖದಂತೆ ಕಾಣುವ ಕಲ್ಲುಗಳ ಮ್ಯೂಸಿಯಂ ಇದೆ. ಒಂದನ್ನೂ ಕೆತ್ತಿದ್ದಲ್ಲ. ಹೊಳೆಬದಿಯಲ್ಲಿ ಸಿಕ್ಕಿದ ಕಲ್ಲುಗಳನ್ನು ಒಬ್ಬರು ಜೀವಮಾನವಿಡೀ ಆರಿಸಿ ಕೂಡಿಟ್ಟರು. ಅವರ ನಂತರ ಮನೆಯವರು ನಡೆಸಿಕೊಂಡು ಬಂದಿದ್ದಾರೆ.

ಸುಭಾಷ್ ಚಂದ್ರ ಬೋಸರ ಅಸ್ಥಿ ಟೋಕಿಯೊದಲ್ಲಿ ಇದೆಯೇ?

ನೇತಾಜಿಯವರದು ಎನ್ನಲಾದ ಅಸ್ಥಿ ಸುಗಿನಾಮಿಯ ರೆಂಕೊಜಿ ಬೌದ್ಧ ದೇವಸ್ಥಾನದಲ್ಲಿದೆ. ಅಂಗಳದಲ್ಲಿ ಅವರ ಅರ್ಧಪ್ರತಿಮೆ ಇದೆ. ನೆಹರೂ, ರಾಜೇಂದ್ರ ಪ್ರಸಾದ್, ವಾಜಪೇಯಿ ಇಲ್ಲಿಗೆ ಬಂದುಹೋಗಿದ್ದಾರೆ. ಮನೆಗಳ ನಡುವಿನ ಸಣ್ಣ, ಶಾಂತ ಜಾಗ. ಅದೇ ದಿನ ಶಿಂಜುಕುವಿನ ನಕಾಮುರಾಯಾಗೂ ಹೋಗಬಹುದು. ಬ್ರಿಟಿಷರಿಂದ ತಪ್ಪಿಸಿಕೊಂಡು ಬಂದ ರಾಸ್ ಬಿಹಾರಿ ಬೋಸರಿಗೆ ಆಶ್ರಯ ಕೊಟ್ಟ, ಅವರಿಗೆ ಮಗಳನ್ನು ಕೊಟ್ಟ ಮನೆಯವರ ಅಂಗಡಿ ಅದು. 1927ರಿಂದ ಅಲ್ಲಿ ಬೋಸರ ಭಾರತೀಯ ಕರಿ ಬಡಿಸುತ್ತಿದ್ದಾರೆ. ಅದು ಕೋಳಿಯದು.

ಗದ್ದೆಯಲ್ಲಿ ಚಿತ್ರ ಬಿಡಿಸುತ್ತಾರಂತೆ. ಬಣ್ಣ ಹಾಕುತ್ತಾರಾ?

ಇಲ್ಲ, ಅದೇ ಅದರ ಸೊಗಸು. ಬಣ್ಣವೆಲ್ಲ ಪೈರಿನದು.

ಉತ್ತರದ ಅವೊಮೊರಿ ಪ್ರಾಂತ್ಯದ ಇನಾಕದಾತೆ ಹಳ್ಳಿ. ಅಲ್ಲಿ ನೆಲ ಅಗೆದಾಗ ಎರಡು ಸಾವಿರ ವರ್ಷ ಹಿಂದಿನ ಗದ್ದೆಗಳ ಗುರುತು ಸಿಕ್ಕಿತು. ಇಷ್ಟು ಹಳೆಯ ಭತ್ತದ ಊರು ನಮ್ಮದು, ಜನರಿಗೆ ತೋರಿಸಬೇಕು ಅಂತ 1993ರಲ್ಲಿ ಮೂರು ಬಣ್ಣದ ಪೈರಿನಲ್ಲಿ ಇವಾಕಿ ಪರ್ವತದ ಚಿತ್ರ ನೆಟ್ಟರು. ಈಗ ಏಳು ಬಣ್ಣ. ಹಸಿರು, ನೇರಳೆ, ಹಳದಿ, ಬಿಳಿ, ಹೀಗೆ ಬೇರೆ ಬೇರೆ ತಳಿಯ ಎಲೆಗೇ ಬೇರೆ ಬೇರೆ ಬಣ್ಣ.

ಗದ್ದೆ ಬದುವಿನ ಮೇಲೆ ನಿಂತರೆ ಏನೂ ತಿಳಿಯುವುದಿಲ್ಲ. ಇಲ್ಲಿ ನಾಲ್ಕು ಸಾಲು ನೇರಳೆ, ಅಲ್ಲಿ ಒಂದು ಪಟ್ಟಿ ಹಳದಿ, ಅಷ್ಟೇ. ಕೋಟೆಯಂತೆ ಕಟ್ಟಿದ ಹಳ್ಳಿ ಕಚೇರಿಯ ಮೇಲೆ ಹತ್ತಿ ನೋಡಬೇಕು. ಮುಖ, ಬೆರಳು, ಬಟ್ಟೆಯ ಮಡಿಕೆ ಎಲ್ಲ ಎದ್ದು ಬರುತ್ತದೆ. ಆ ಎತ್ತರದಿಂದ ಸರಿಯಾಗಿ ಕಾಣಲಿ ಅಂತ ಗದ್ದೆಯಲ್ಲಿ ಚಿತ್ರವನ್ನು ಲೆಕ್ಕ ಹಾಕಿ ಹಿಗ್ಗಿಸಿ ಗುರುತು ಹಾಕಿರುತ್ತಾರೆ. ನಾಟಿಗೆ ನೂರಾರು ಜನ ಹೊರಗಿನಿಂದ ಬಂದು ಕೆಸರಿಗಿಳಿಯುತ್ತಾರೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಬಣ್ಣ ಚೆನ್ನಾಗಿರುತ್ತದೆ. ಕೋನಾನ್ ರೈಲು ಮಾರ್ಗದಲ್ಲಿ ‘ತಾಂಬೊ ಆರ್ಟ್’, ಅಂದರೆ ಗದ್ದೆ ಚಿತ್ರ ಅಂತಲೇ ಒಂದು ನಿಲ್ದಾಣ ಇದೆ. ಭತ್ತ ಬೆಳೆಯುವ ಮನೆಯಿಂದ ಬಂದವರಿಗೆ ಇದು ಬೇರೆಯೇ ರೀತಿ ತಟ್ಟುತ್ತದೆ.

ಅಷ್ಟು ದೂರ ಅವೊಮೊರಿಗೆ ಹೋದರೆ ಇನ್ನೇನು ನೋಡಬಹುದು?

ಒಸೊರೆಜಾನ್. ‘ಭಯದ ಬೆಟ್ಟ’ ಅಂತ ಅರ್ಥ. ಗಂಧಕದ ವಾಸನೆ, ಬೂದುಬಣ್ಣದ ನೆಲ, ಅಲ್ಲಲ್ಲಿ ಹೊಗೆ. ನಮ್ಮ ವೈತರಣಿಯ ಹಾಗೆ ಅವರಿಗೆ ಸಾಂಜು ನದಿ, ಅದಕ್ಕೊಂದು ಕೆಂಪು ಸೇತುವೆ. ಚಿಕ್ಕ ವಯಸ್ಸಿನಲ್ಲಿ ಸತ್ತ ಮಕ್ಕಳು ಆ ದಡದಲ್ಲಿ ಕಲ್ಲು ಪೇರಿಸುತ್ತಾ ಇರುತ್ತಾರೆ, ರಾಕ್ಷಸರು ಬೀಳಿಸುತ್ತಾರೆ, ಜಿಜೊ ಬಂದು ಕಾಪಾಡುತ್ತಾನೆ ಅನ್ನುವ ನಂಬಿಕೆ. ಜಿಜೊ ಅಂದರೆ ಕ್ಷಿತಿಗರ್ಭ ಬೋಧಿಸತ್ವ. ತಂದೆತಾಯಿಗಳು ಮಕ್ಕಳ ಪರವಾಗಿ ಕಲ್ಲು ಪೇರಿಸುತ್ತಾರೆ, ಕಾಗದದ ಗಾಳಿಚಕ್ರ ನೆಟ್ಟು ಹೋಗುತ್ತಾರೆ. ಗಾಳಿ ಬೀಸಿದಾಗ ಅವೆಲ್ಲ ಒಟ್ಟಿಗೆ ತಿರುಗುವ ಸದ್ದು ನನಗೆ ಇನ್ನೂ ಕಿವಿಯಲ್ಲಿದೆ. ಪೇರಿಸಿದ ಕಲ್ಲಿಗೆ ಕಾಲು ತಾಗದ ಹಾಗೆ ನಡೆಯಿರಿ. ನವೆಂಬರಿನಿಂದ ಏಪ್ರಿಲ್‌ವರೆಗೆ ಮುಚ್ಚಿರುತ್ತದೆ.

ಶಿಂಗೊ ಹಳ್ಳಿಯಲ್ಲಿ ‘ಏಸುವಿನ ಸಮಾಧಿ’ ಇದೆ. ಶಿಲುಬೆಗೆ ಏರಿದ್ದು ಏಸುವಿನ ತಮ್ಮ, ಏಸು ಇಲ್ಲಿಗೆ ಬಂದು ಬೇಸಾಯ ಮಾಡಿಕೊಂಡು 106 ವರ್ಷ ಬದುಕಿದ ಅನ್ನುವ ಕತೆ. 1930ರ ದಶಕದಲ್ಲಿ ಯಾರೋ ತಂದ ಕಾಗದಪತ್ರದಿಂದ ಹುಟ್ಟಿದ್ದು, ಇತಿಹಾಸಕಾರರು ಒಪ್ಪುವುದಿಲ್ಲ. ಆದರೂ ಊರಿನವರು ಆ ಎರಡು ಮಣ್ಣಿನ ಗುಡ್ಡೆಗಳನ್ನು ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತಾರೆ, ಜೂನ್‌ನಲ್ಲಿ ಸುತ್ತ ಕುಣಿಯುತ್ತಾರೆ.

ಮನೆಯಲ್ಲಿ ರೈಲಿನ ಹುಚ್ಚಿನವರು ಇದ್ದಾರೆ. ಬುಲೆಟ್ ರೈಲು ಬಿಟ್ಟು ಏನಿದೆ?

ವಕಾಯಾಮಾದ ಕಿಶಿ ನಿಲ್ದಾಣದಿಂದ ಶುರುಮಾಡಿ. ಜನ ಕಡಿಮೆಯಾಗಿ ಈ ಸಣ್ಣ ಮಾರ್ಗ ಮುಚ್ಚುವ ಹಂತಕ್ಕೆ ಬಂದಿತ್ತು. 2007ರ ಜನವರಿಯಲ್ಲಿ ನಿಲ್ದಾಣದ ಪಕ್ಕದ ಅಂಗಡಿಯ ತಾಮಾ ಅನ್ನುವ ಬೆಕ್ಕನ್ನು ಸ್ಟೇಷನ್ ಮಾಸ್ಟರ್ ಮಾಡಿದರು. ಟೋಪಿ ಹೊಲಿಸಿದರು, ಸಂಬಳ ಬೆಕ್ಕಿನ ಊಟ. ಅದನ್ನು ನೋಡಲು ಜನ ಬಂದರು, ರೈಲು ಉಳಿಯಿತು. 2015ರಲ್ಲಿ ತಾಮಾ ಸತ್ತಾಗ ಸಾವಿರಾರು ಜನ ಸೇರಿದ್ದರು. ಈಗ ಅದಕ್ಕೊಂದು ಪುಟ್ಟ ಗುಡಿ ಇದೆ. ಆ ಕುರ್ಚಿಗೆ ಆಮೇಲೆ ಬೇರೆ ಬೆಕ್ಕುಗಳು ಬಂದಿವೆ. ಅವಕ್ಕೂ ರಜೆ ಇರುತ್ತದೆ, ಡ್ಯೂಟಿ ದಿನ ನೋಡಿಕೊಂಡು ಹೋಗಿ.

ಗುಮ್ಮಾ ಪ್ರಾಂತ್ಯದ ದೊಯಾಯ್ ನಿಲ್ದಾಣದಲ್ಲಿ ಒಂದು ಪ್ಲಾಟ್‌ಫಾರ್ಮ್ ಬೆಟ್ಟದೊಳಗಿನ ಸುರಂಗದಲ್ಲಿದೆ. ಹೊರಗೆ ಬರಲು 462 ಮೆಟ್ಟಿಲು, ಆಮೇಲೆ ಇನ್ನೂ 24. ಲಿಫ್ಟ್ ಇಲ್ಲ. ಮಂಡಿನೋವು ಇರುವವರಿಗೆ ಖಂಡಿತ ಬೇಡ.

ತೊಕುಶಿಮಾ ಮತ್ತು ಕೋಚಿ ನಡುವಿನ ಕರಾವಳಿಯಲ್ಲಿ ಬಸ್ಸೇ ರೈಲಾಗುತ್ತದೆ. ರಸ್ತೆಯಲ್ಲಿ ಬಂದ ಬಸ್ಸು ಹಳಿಯ ಮೇಲೆ ನಿಂತು, ಒಳಗಿನಿಂದ ಕಬ್ಬಿಣದ ಚಕ್ರ ಇಳಿಸುತ್ತದೆ. ಸುಮಾರು ಹದಿನೈದು ಸೆಕೆಂಡು, ಅಷ್ಟರಲ್ಲಿ ಅದು ರೈಲು. 2021ರ ಡಿಸೆಂಬರಿನಿಂದ ಓಡುತ್ತಿದೆ. ಯಾಮಾಗುಚಿಯಲ್ಲಿ ಸೈರ್‍ಯೂ ಮಿಹರಾಶಿ ಅಂತ ಇನ್ನೊಂದು ನಿಲ್ದಾಣ. ಒಳಗೆ ಹೋಗಲು, ಹೊರಗೆ ಬರಲು ದಾರಿಯೇ ಇಲ್ಲ. ವಿಶೇಷ ರೈಲಿನಿಂದ ಇಳಿದು, ನದಿ ನೋಡಿ, ಅದೇ ರೈಲು ಹತ್ತಬೇಕು.

ಮೊಲಗಳ ದ್ವೀಪಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಹೋಗಬಹುದು. ಹಿರೋಶಿಮಾ ಪ್ರಾಂತ್ಯದ ಓಕುನೊಶಿಮಾ. ತದಾನೊವುಮಿ ಬಂದರಿನಿಂದ ದೋಣಿಯಲ್ಲಿ ಹದಿನೈದು ನಿಮಿಷ. ದೋಣಿ ಇಳಿಯುತ್ತಿದ್ದಂತೆ ಮೊಲಗಳು ಕಾಲ ಬಳಿ ಬರುತ್ತವೆ. ಎತ್ತಿಕೊಳ್ಳಬಾರದು, ರಸ್ತೆಯಲ್ಲಿ ತಿನ್ನಿಸಬಾರದು. ಅವುಗಳ ಮೂಳೆ ಬಹಳ ನಾಜೂಕು.

ಮೊಲ ನೋಡಿ ಹಾಗೇ ವಾಪಸ್ ಬರಬೇಡಿ. 1929ರಿಂದ 1945ರವರೆಗೆ ಈ ದ್ವೀಪದಲ್ಲಿ ಸೈನ್ಯ ವಿಷಾನಿಲ ತಯಾರಿಸುತ್ತಿತ್ತು. ಗುಟ್ಟು ಕಾಯಲು ದ್ವೀಪವನ್ನೇ ನಕ್ಷೆಯಿಂದ ತೆಗೆದಿದ್ದರು. ಆ ಅನಿಲ ಚೀನಾದಲ್ಲಿ ಬಳಕೆಯಾಯಿತು. ಇಲ್ಲಿ ಕೆಲಸ ಮಾಡಿದವರೂ ಶ್ವಾಸಕೋಶ ಹಾಳಾಗಿ ನರಳಿದರು. 1988ರಲ್ಲಿ ತೆರೆದ ಸಣ್ಣ ಮ್ಯೂಸಿಯಂ ಇದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಹತ್ತು ದಾಟಿದ ಮಕ್ಕಳಿಗೆ ತೋರಿಸಿ, ಪಕ್ಕದಲ್ಲಿ ನಿಂತು ವಿವರಿಸಿ.

ಬಿಸಿನೀರಿನ ಬುಗ್ಗೆಗಳಲ್ಲಿ ಎಲ್ಲರ ಮುಂದೆ ಬಟ್ಟೆ ಬಿಚ್ಚಬೇಕಂತೆ. ನಮಗೆ ಸಂಕೋಚ.

ಹಾಗಾದರೆ ದಕ್ಷಿಣದ ಇಬುಸುಕಿಗೆ ಹೋಗಿ. ಅಲ್ಲಿ ಸ್ನಾನ ಮರಳಿನದು. ಹತ್ತಿಯ ನಿಲುವಂಗಿ ತೊಟ್ಟು ಸಮುದ್ರದ ದಡದಲ್ಲಿ ಮಲಗಬೇಕು. ಕೆಲಸದವರು ಸಲಿಕೆಯಲ್ಲಿ ಬಿಸಿ ಮರಳು ಎಳೆದು ಕತ್ತಿನವರೆಗೆ ಮುಚ್ಚುತ್ತಾರೆ. ಮರಳು ಭಾರ, ಒಳಗೆ ರಕ್ತ ಹರಿಯುವುದು ಬೆರಳ ತುದಿಯಲ್ಲಿ ಗೊತ್ತಾಗುತ್ತದೆ. ಹತ್ತು ನಿಮಿಷ ಸಾಕು. ಆಮೇಲೆ ಮರಳು ತೊಳೆದುಕೊಳ್ಳುವ ಜಾಗ ಮಾತ್ರ ಎಲ್ಲರಿಗೂ ಸೇರಿದ್ದು, ಹೆಂಗಸರಿಗೆ ಗಂಡಸರಿಗೆ ಬೇರೆ ಬೇರೆ. ಬಿಪಿ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಕೊಂಡೇ ಹೋಗಿ.

ದುಡ್ಡು ಖರ್ಚಿಲ್ಲದೆ ನೋಡುವಂಥದ್ದು ಏನಾದರೂ ಇದೆಯಾ?

ಕಾಲ ಕೆಳಗೇ ಇದೆ. ಮ್ಯಾನ್‌ಹೋಲ್ ಮುಚ್ಚಳಗಳು. ಒಂದೊಂದು ಊರಿಗೂ ಅದರದೇ ಚಿತ್ರ. ಒಸಾಕಾದಲ್ಲಿ ಕೋಟೆ, ಬಂದರಿನ ಊರಲ್ಲಿ ಮೀನು, ಹಣ್ಣಿನ ಊರಲ್ಲಿ ಹಣ್ಣು. 2016ರಿಂದ ಅವುಗಳ ಚಿತ್ರದ ಕಾರ್ಡುಗಳನ್ನೂ ಪುಕ್ಕಟೆ ಕೊಡುತ್ತಾರೆ. ಆಯಾ ಊರಿಗೇ ಹೋಗಿ ಕೇಳಿದವರಿಗೆ ಮಾತ್ರ, ಒಬ್ಬರಿಗೆ ಒಂದು. ರೈಲು ನಿಲ್ದಾಣಗಳಲ್ಲಿ ರಬ್ಬರ್ ಸ್ಟ್ಯಾಂಪು, ಇಂಕ್ ಪ್ಯಾಡ್ ಇಟ್ಟಿರುತ್ತಾರೆ. ಒಂದು ಖಾಲಿ ನೋಟ್‌ಬುಕ್ ಒಯ್ಯಿರಿ. ಮಕ್ಕಳು ಇಳಿದ ಕೂಡಲೇ ಸ್ಟ್ಯಾಂಪ್ ಹುಡುಕಲು ಓಡುತ್ತಾರೆ.

ವೀಸಾ, ವಿಮಾನ, ರೈಲ್ವೆ ಪಾಸ್?

ಪ್ರವಾಸಕ್ಕೆ ಹೋಗುವ ಭಾರತೀಯರಿಗೆ 2024ರ ಏಪ್ರಿಲ್‌ನಿಂದ ಇ-ವೀಸಾ ಇದೆ. ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಸಿಗುತ್ತದೆ. ಗಡಿಯಾರ ಮೂರೂವರೆ ಗಂಟೆ ಮುಂದಿಡಿ.

ಇಡೀ ದೇಶದ ಜೆಆರ್ (ಜಪಾನ್ ರೈಲ್ವೆ) ಪಾಸನ್ನು ಕಣ್ಣು ಮುಚ್ಚಿ ಕೊಳ್ಳಬೇಡಿ. ಏಳು ದಿನದ ಪಾಸು 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಒಂದೇ ಸೀಮೆ ಸುತ್ತುವವರಿಗೆ ಆ ಸೀಮೆಯ ಪಾಸೇ ಅಗ್ಗ. ಕಿಶಿ, ಕೋಯಾಸಾನ್, ಇನಾಕದಾತೆ ಮಾರ್ಗಗಳು ಖಾಸಗಿ, ಜೆಆರ್ ಪಾಸ್ ಅಲ್ಲಿ ನಡೆಯುವುದಿಲ್ಲ. ಹಳ್ಳಿಗಳಲ್ಲಿ ನಗದು ಬೇಕು, ಬಸ್ಸಿಗೆ ಚಿಲ್ಲರೆ ಬೇಕು.

ಯಾವ ತಿಂಗಳು ಒಳ್ಳೆಯದು?

ಮೇ ಮಧ್ಯದಿಂದ ಜೂನ್ ಆರಂಭ, ಇಲ್ಲವೇ ಅಕ್ಟೋಬರ್. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ರಜೆ ಮತ್ತು ಆಗಸ್ಟ್ ಮಧ್ಯದ ಓಬೊನ್ ಹಬ್ಬದಲ್ಲಿ ಇಡೀ ದೇಶವೇ ರೈಲಿನಲ್ಲಿರುತ್ತದೆ. ಉತ್ತರದ ಕಾಡುದಾರಿಗಳಲ್ಲಿ ಕರಡಿ ಎಚ್ಚರಿಕೆಯ ಬೋರ್ಡು ಕಂಡರೆ ಮುಂದೆ ಹೋಗಬೇಡಿ.

ಫೋಟೊ ತೆಗೆದರೆ ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರಾ?

ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮಾಡಿಕೊಳ್ಳುತ್ತಾರೆ. ಇವು ಜನ ಬದುಕುತ್ತಿರುವ ಊರುಗಳು. ಗೊಂಬೆಗಳನ್ನು ಎತ್ತಿ ಪೋಸ್ ಕೊಡಿಸಬೇಡಿ, ಮನೆಯಂಗಳಕ್ಕೆ ಕಾಲಿಡಬೇಡಿ. ಕೇಳಿ ತೆಗೆದರೆ ಸಂತೋಷದಿಂದ ಒಪ್ಪುತ್ತಾರೆ. ಭಾಷೆ ಬಾರದಿದ್ದರೂ ಕ್ಯಾಮೆರಾ ತೋರಿಸಿ ‘ಇಯಿ ದೆಸ್ ಕಾ’ ಅಂದರೆ ಸಾಕು.

ಕ್ಯೋಟೊದಲ್ಲಿದ್ದೇವೆ, ಒಂದೇ ಬೆಳಗ್ಗೆ ಉಳಿದಿದೆ. ಒಂದೇ ಒಂದು ಜಾಗ ಹೇಳಿ.

ಒಟಾಗಿ ನೆಂಬುತ್ಸುಜಿ. ಅರಾಶಿಯಾಮಾದ ಬಿದಿರು ತೋಪಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿಂದ ಬೆಟ್ಟದ ಕಡೆ ಇನ್ನೂ ಸ್ವಲ್ಪ ಮೇಲೆ ಹೋದರೆ ಇದು ಸಿಗುತ್ತದೆ. 1950ರ ಬಿರುಗಾಳಿಗೆ ಪಾಳುಬಿದ್ದಿದ್ದ ದೇವಸ್ಥಾನ. ಅರ್ಚಕರಾಗಿ ಬಂದ ಶಿಲ್ಪಿ ನಿಶಿಮುರಾ ಕೋಚೊ, 1981ರಿಂದ ಹತ್ತು ವರ್ಷ, ಬಂದ ಸಾಮಾನ್ಯ ಜನರಿಗೇ ಉಳಿ ಹಿಡಿಯುವುದು ಕಲಿಸಿದರು. ಆ ಜನ ಕೆತ್ತಿದ 1,200 ಅರ್ಹಂತರ, ಅಂದರೆ ಬುದ್ಧನ ಶಿಷ್ಯರ ಮೂರ್ತಿಗಳು ಈಗ ಇಳಿಜಾರಿನ ತುಂಬ ಕೂತಿವೆ. ಒಬ್ಬ ನಗುತ್ತಿದ್ದಾನೆ, ಒಬ್ಬನ ಕೈಯಲ್ಲಿ ಟೆನಿಸ್ ರಾಕೆಟ್, ಇನ್ನೊಬ್ಬ ಕಿವಿಗೆ ವಾಕ್‌ಮನ್ ಹಾಕಿಕೊಂಡಿದ್ದಾನೆ. ಎಲ್ಲರ ತಲೆಯ ಮೇಲೂ ಪಾಚಿ.

ಅರ್ಹಂತರ ಗುಂಪಿನಲ್ಲಿ ಹುಡುಕಿದರೆ ತೀರಿಹೋದ ನಮ್ಮವರ ಮುಖ ಸಿಕ್ಕೇ ಸಿಗುತ್ತದೆ ಅಂತ ಜಪಾನಿನಲ್ಲಿ ಒಂದು ಮಾತಿದೆ. ಅಮ್ಮನಿಗೆ ಅದನ್ನು ಹೇಳಿದೆ. ಮುಕ್ಕಾಲು ಗಂಟೆ ಒಬ್ಬರೇ ಸುತ್ತಿದರು. ಮೇಲಿನ ಸಾಲಿನಲ್ಲಿ ಒಂದರ ಮುಂದೆ ನಿಂತು, ‘ಬಾರೇ ಇಲ್ಲಿ, ನಿಮ್ಮ ತಾತ’ ಅಂತ ಕರೆದರು. ಕ್ಯೋಟೊ ನಿಲ್ದಾಣದಿಂದ 94ನೇ ನಂಬರ್ ಬಸ್ಸು ಬಾಗಿಲಿನವರೆಗೂ ಹೋಗುತ್ತದೆ. ಅದು ಪದೇ ಪದೇ ಬರುವುದಿಲ್ಲ, ವಾಪಸ್ ಬಸ್ಸಿನ ಸಮಯವನ್ನು ಇಳಿದ ಕೂಡಲೇ ಬರೆದುಕೊಳ್ಳಿ.